ಅಕ್ಕ ಕಾಶಿಯಲ್ಲಿ ಬಿಟ್ಟದ್ದೇನು

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ನಮ್ಮ ಕೆಳಗಿನ ಮನೆಯವರು ಇವತ್ತು ಬಾಳೆಲೆಯಲ್ಲಿ ಮೀನು ಸುಡುತ್ತಿದ್ದಾರೆ. ಸುಟ್ಟ ಎಲೆಯ ವಾಸನೆ ಯಾರ ಅಪ್ಪಣೆಯನ್ನೂ ಕೇಳದೆ ನಮ್ಮ ಬಾಲ್ಕನಿಗೆ ಬಂದು ಕೂತಿದೆ. ನೀವು ಮೀನು ತಿನ್ನದವರಾದರೆ ಮೂಗು ಮುಚ್ಚಿಕೊಂಡಾದರೂ ಜೊತೆಗಿರಿ. ನನಗೆ ಅಕ್ಕನ ವಿಷಯ ಹೇಳಬೇಕಾಗಿದೆ.

ಹೋದ ವರ್ಷ ಅಕ್ಕ ಉಡುಪಿಯಿಂದ ನಮ್ಮಲ್ಲಿಗೆ ಬಂದಿದ್ದಳು. ಭಾವ ತೀರಿಕೊಂಡು ಆಗ ವರ್ಷ ಕಳೆದಿತ್ತು. ಅವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ತಟ್ಟೆಯ ಮುಂದೆ ಕೂತು ಅನ್ನವನ್ನು ಆಚೆಯಿಂದ ಈಚೆಗೆ ಸರಿಸಿ ಎದ್ದುಬಿಡುವಳು. ನಾನು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವನು. ಹಸಿವಿನ ಬಗ್ಗೆ ಗಂಟೆಗಟ್ಟಲೆ ಕೊರೆಯಬಲ್ಲೆ. ಅಕ್ಕನಿಗೆ ಒಂದು ತುತ್ತು ಹೆಚ್ಚಿಗೆ ತಿನ್ನಿಸುವ ದಾರಿ ಮಾತ್ರ ತಿಳಿಯಲಿಲ್ಲ. ಅವಳು ಹೀಗೇ ಕರಗಿಹೋದರೆ ಎಂದು ನನಗೆ ಭಯವಾಗಿತ್ತು.

"ರೀ, ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಳ್ಳೋಣ. ಅಕ್ಕಂಗೂ ಸ್ವಲ್ಪ ಚೇಂಜ್ ಆಗತ್ತೆ," ಎಂದಳು ಮೈಸೂರಿನವಳಾದ ನನ್ನ ಹೆಂಡತಿ ಸುಮಾ.

ಒಲೆ, ಮಂಚ, ಕಕ್ಕಸು ಎಲ್ಲವೂ ಒಳಗೇ ಇರುವ ಆ ಗಾಡಿಯನ್ನು ಅಕ್ಕ ಸುತ್ತಿ ಸುತ್ತಿ ನೋಡಿದಳು. "ಇದೆಂತದು ಮಾರಾಯ, ಮನೆಯಾ ಬಸ್ಸಾ?" ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ಮನೆಯೆಂದುಕೊಂಡು ಅವಳು ಚಪ್ಪಲಿ ಹೊರಗೆ ಬಿಟ್ಟಳು. ಬಸ್ಸೆಂದುಕೊಂಡು ನಾನು ಶೂ ಹಾಕಿಯೇ ಹತ್ತಿದೆ, ಬೈಸಿಕೊಂಡೆ. ಕೊನೆಗೆ ಹೆದ್ದಾರಿಯುದ್ದಕ್ಕೂ ಬರಿಗಾಲಲ್ಲೇ ಗಾಡಿ ಓಡಿಸಿದೆ. ಬ್ರೇಕು ಅಂಗಾಲಿಗೆ ಕಚಗುಳಿ ಇಡುತ್ತದೆ ಎಂಬುದು ನಿಮಗೂ ಗೊತ್ತಿರಲಿ.

ಸಂಜೆ ಪೆರಾಕ್ ಕರಾವಳಿಯ ಒಂದು ಪುಟ್ಟ ಊರಿನಲ್ಲಿ, ಹೊಳೆ ಸಮುದ್ರ ಸೇರುವ ಜಾಗದಲ್ಲಿ ನಿಂತೆವು. ರಸ್ತೆಯ ಆಚೆ ಮಲಯ ಹೆಂಗಸೊಬ್ಬರು ತೆಂಗಿನ ಸಿಪ್ಪೆಯ ಕೆಂಡದ ಮೇಲೆ ಬಾಳೆಲೆಯ ಪೊಟ್ಟಣಗಳನ್ನು ಮಗುಚಿ ಹಾಕುತ್ತಿದ್ದರು. ನಾನು ಹೋಗಿ ಅನ್ನ, ಸುಟ್ಟ ಮೀನು, ಮೀನು ತಿನ್ನದ ಸುಮಾಳಿಗೆ ಸುಟ್ಟ ಜೋಳ, ಎಲ್ಲವನ್ನೂ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಬಂದೆ. ಯಾವ ಮೀನು ಎಂದು ಕೇಳಲೇ ಇಲ್ಲ. ಬಾಯಲ್ಲಿ ನೀರೂರಿದಾಗ ನನ್ನ ತಲೆ ಕೆಲಸ ಮಾಡುವುದಿಲ್ಲ.

ವ್ಯಾನಿನ ಮಡಚುವ ಮೇಜು ಬಿಚ್ಚಿಕೊಳ್ಳಲಿಲ್ಲ. ನಾನು ಎಳೆದೆ, ಸುಮಾ ಒದ್ದಳು, ಮಗಳು ಅನು ಫೋನಿನಲ್ಲಿ ವಿಡಿಯೋ ಹುಡುಕಿದಳು. ಮೇಜು ಧಡಕ್ಕನೆ ಬಿಚ್ಚಿ ನನ್ನ ಮೊಣಕಾಲಿಗೆ ಬಡಿಯಿತು. ತಿರುಗಿ ನೋಡಿದರೆ ಅಕ್ಕ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪೊಟ್ಟಣ ಬಿಚ್ಚಿ ತಿನ್ನುತ್ತಿದ್ದಳು! ಅರ್ಧ ಮೀನು ಮುಗಿದಿತ್ತು. ಮುಳ್ಳುಗಳು ಎಲೆಯ ಅಂಚಿನಲ್ಲಿ ಸಾಲಾಗಿ ಕೂತಿದ್ದವು. ನನಗೆ ಕುಣಿಯುವಷ್ಟು ಸಂತೋಷವಾಯಿತು. ನಾನೂ ನನ್ನ ಪೊಟ್ಟಣ ಬಿಚ್ಚಿದೆ. ತಟ್ಟನೆ ಮತ್ತೆ ಮುಚ್ಚಿದೆ. ಅದು ಬಂಗುಡೆ.

ಯಾಕೆಂದು ಹೇಳುತ್ತೇನೆ. ಭಾವನ ಅಸ್ಥಿ ಬಿಡಲು ಅಕ್ಕ ಕಾಶಿಗೆ ಹೋಗಿದ್ದಳು. ಕಾಶಿಗೆ ಹೋದವರು ಇಷ್ಟದ ಒಂದು ತಿನಿಸನ್ನು ಅಲ್ಲೇ ಬಿಟ್ಟುಬರುತ್ತಾರಲ್ಲ, ಬಂದ ಮೇಲೆ ಅವಳು ಬಂಗುಡೆ ಮುಟ್ಟಲಿಲ್ಲ. ಭಾವನಿಗೆ ಬಂಗುಡೆಯೆಂದರೆ ಪ್ರಾಣ. ಅದನ್ನೇ ಬಿಟ್ಟಿದ್ದಾಳೆ ಎಂದು ಮನೆಯವರೆಲ್ಲ ತಿಳಿದೆವು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಆಮೇಲೆ ಅವಳ ಎಲೆಗೆ ಅದನ್ನು ಬಡಿಸಲೂ ಇಲ್ಲ.

ಈಗ ಹೇಳಲೋ ಬೇಡವೋ? ಹೇಳಿದರೆ ವರ್ಷದಿಂದ ಕಾದ ಊಟ ನಿಲ್ಲುತ್ತದೆ. ಹೇಳದಿದ್ದರೆ ಅವಳ ವ್ರತ ನನ್ನ ಕೈಯಿಂದಲೇ ಕೆಡುತ್ತದೆ. ಸುಮಾಳತ್ತ ನೋಡಿದೆ, ಅವಳಿಗೆ ಯಾವ ಮೀನೂ ಒಂದೇ. ತಡೆಯಲಾಗಲಿಲ್ಲ.

"ಅಕ್ಕಾ, ನಿಲ್ಲು! ಅದು ಬಂಗುಡೆ."

"ಗೊತ್ತುಂಟು. ಇಷ್ಟು ವಯಸ್ಸಾಗಿ ನನಗೆ ಬಂಗುಡೆಯ ಗುರುತು ಸಿಕ್ಕುದಿಲ್ವಾ?"

"ಮತ್ತೆ, ಕಾಶಿಯಲ್ಲಿ ಬಿಟ್ಟದ್ದು?"

"ಕಾಶಿಯಲ್ಲಾ? ಅಲ್ಲಿ ಹಾಗಲಕಾಯಿ ಬಿಟ್ಟೆ."

ಹಾಗಲಕಾಯಿಯನ್ನು ಅವಳು ಹುಟ್ಟಿದಾಗಿನಿಂದ ತಿಂದವಳಲ್ಲ.

"ಅತ್ತೆ, ದಟ್ಸ್ ಚೀಟಿಂಗ್ ಲಾ!" ಎಂದಳು ಅನು.

"ದೇವರು ಸುಮ್ಮನಿದ್ದಾನೆ, ನಿನಗೆಂತ?" ಎಂದು ಅಕ್ಕ ನಕ್ಕಳು. ಭಾವ ಹೋದ ಮೇಲೆ ನಾನು ಕಂಡ ಮೊದಲ ನಗು.

"ಹಾಗಾದರೆ ಊರಲ್ಲಿ ಯಾಕೆ ತಿನ್ನಲಿಲ್ಲ?"

ಅಕ್ಕ ಒಂದು ಮುಳ್ಳು ತೆಗೆದು ಬದಿಗಿಟ್ಟಳು. "ನಿನ್ನ ಭಾವ ಹೋದ ಮೇಲೆ ಒಂದು ದಿನ ಬಂಗುಡೆ ಮಾಡಿದ್ರು. ಎಲ್ಲರೂ ನನ್ನ ಮುಖವನ್ನೇ ನೋಡಿಕೊಂಡು ಕೂತರು. ಅತ್ತರೂ ನೋಡ್ತಾರೆ, ತಿಂದರೂ ನೋಡ್ತಾರೆ. ಅಷ್ಟು ಕಣ್ಣಿನ ಎದುರು ತುತ್ತು ಇಳಿಯುದಿಲ್ಲ ಮಾರಾಯ. ನಿನ್ನ ಮನೆಯಲ್ಲೂ ಅದೇ ಆಯ್ತು. ಇವತ್ತು ನೀವೆಲ್ಲ ಆ ಮೇಜಿನ ಹಿಂದೆ ಬಿದ್ದಿದ್ರಿ. ನಾನು ಉಂಡೆ."

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಎಷ್ಟು ಪ್ರೀತಿಯಿಂದ, ಎಷ್ಟು ಕಾಳಜಿಯಿಂದ ನಾವು ಅವಳನ್ನು ಉಪವಾಸ ಕೆಡವಿದ್ದೆವು!

"ಈಗಲೂ ನೋಡ್ತಾ ಇದ್ದಿ," ಎಂದಳು ಅಕ್ಕ.

ವಾಸನೆ ಇನ್ನೂ ಬಾಲ್ಕನಿಯಲ್ಲಿದೆ. ತಡೆಯಲಾರದೆ ಈಗಷ್ಟೇ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಉಡುಪಿಯಲ್ಲಿ ಊಟದ ಹೊತ್ತು.

"ಇವತ್ತು ಬಂಗುಡೆ ಪುಳಿಮುಂಚಿ, ನಾನೇ ಮಾಡಿದ್ದು," ಎಂದು ತಟ್ಟೆ ಎಳೆದುಕೊಂಡಳು.

ನಾನು ಫೋನನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿಟ್ಟೆ.

"ಎಲ್ಲಿ ಹೋದಿ?"

"ಇಲ್ಲೇ ಇದ್ದೇನೆ ಅಕ್ಕಾ. ನೀನು ಉಣ್ಣು."