ಸೈಪ್ರೆಸ್ ಸಾಲಿನ ಮರೆಯಲ್ಲಿ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಹೆಗಲ ಮೇಲಿನ ಕೆಂಪಂಚಿನ ಟವೆಲ್ ತೆಗೆದು ನನ್ನ ಬ್ಯಾಗಿಗೆ ತುರುಕಿದರು. "ಅಲ್ಲಿ ಚಳಿ ಅಂತೆ, ಮಡಿಕೊ ಕಣಮ್ಮಿ. ಮರದ್ ಸಾಲು ನೋಡದ್ ಮರೀಬ್ಯಾಡ."

ಮರದ ಸಾಲಿನದು ನಮ್ಮಿಬ್ಬರ ಹಳೇ ಜಗಳ. ಆಷಾಢದಲ್ಲಿ ವಯನಾಡಿಗೆ ಮಳೆ, ನಮಗೆ ಬರೀ ಗಾಳಿ. ಹೋದ ವರ್ಷ ಗೊನೆ ಬಿಟ್ಟ ಬಾಳೆ ಅರ್ಧ ತೋಟ ಮಲಗಿತ್ತು. ಪಡುವಣ ಬದುವಿನ ಮೇಲೆ ಗಾಳಿಗೆ ಅಡ್ಡವಾಗಿ ಸಾಲು ಮರ ಹಾಕೋಣ ಎಂದರೆ ಅಪ್ಪ, "ಅಷ್ಟು ಜಾಗ ಬುಟ್ಬುಟ್ಟು ನಾವೇನ್ ತಿನ್ನದು? ಕಣ್ಣಲ್ ಕಂಡು ಬಂದು ಯೋಳು" ಎಂದಿದ್ದರು. ಚೆಂಡು ಹೂ ಕೊಯ್ಯುವ ಕೂಲಿಗೆ ಹೋಗುತ್ತಲೇ ಓದಿ, ಮನೆಗೆ ಮೊದಲ ಡಿಗ್ರಿ ತಂದವಳು ನಾನು. ಅಂಥ ಸಾಲುಗಳೇ ತುಂಬಿರುವ ಫ್ರಾನ್ಸಿನ ಕಣಿವೆಯೊಂದಕ್ಕೆ ಕೃಷಿ ತರಬೇತಿಗೆ ಆಯ್ಕೆಯಾದಾಗ ಕಣ್ಣಲ್ಲಿ ಕಂಡೇ ಬರುತ್ತೇನೆ ಎಂದುಕೊಂಡೆ.

ಮೈಸೂರಿನವರೆಗೆ ಹೆಣ್ಣುಮಕ್ಕಳಿಗೆ ಬಸ್ ಫ್ರೀ. ಆಮೇಲೆ ವಿಮಾನ, ರೈಲು. ಕೊನೆಯ ಬಸ್ಸಿಗೆ ಎರಡು ಯೂರೋ ಕೊಟ್ಟು ರೋನ್ ನದಿ ಕಣಿವೆಯ ಪುಟ್ಟ ಕಮ್ಯೂನೊಂದರಲ್ಲಿ ಇಳಿದೆ. ಕಮ್ಯೂನ್ ಎಂದರೆ ನಮ್ಮ ಗ್ರಾಮ ಪಂಚಾಯಿತಿ ಇದ್ದಂತೆ. ಸುಣ್ಣಕಲ್ಲಿನ ಗುಡ್ಡದ ಮೇಲೆ ಮನೆಗಳು, ಕೆಳಗೆ ದ್ರಾಕ್ಷಿ, ಏಪ್ರಿಕಾಟ್ ತೋಟಗಳು. ಚಳಿಯ ಮಾತೇ ಇಲ್ಲ. ನಮ್ಮ ಏಪ್ರಿಲ್ ಬಿಸಿಲು. ಅಲ್ಲಿ ಬೇಸಿಗೆಯಲ್ಲಿ ಮಳೆ ಅಪರೂಪ, ಬರುವುದೆಲ್ಲ ಬೇಸಿಗೆ ಕಳೆದ ಮೇಲೆ. ಹಳೇ ಮನೆಗಳ ಉತ್ತರದ ಗೋಡೆಗೆ ಕಿಟಕಿ ಇಲ್ಲದಿರುವುದು ಯಾಕೆಂದು ಮೂರನೇ ದಿನ ತಿಳಿಯಿತು. ಒಂದು ಮೋಡವೂ ಇಲ್ಲದ ಆಕಾಶದಡಿ ಉತ್ತರದಿಂದ ಮಿಸ್ತ್ರಾಲ್ ಎಂಬ ಗಾಳಿ ಎದ್ದು ಅಂಗಳದ ಕುರ್ಚಿಗಳನ್ನು ಉರುಳಿಸಿತು.

ನಾನಿದ್ದ ಮನೆಯ ಯಜಮಾನಿ ಮಾರ್ತೀನ್ ಅವರ ತೋಟದ ಉತ್ತರದ ಅಂಚಿಗೆ ಗೋಡೆಯಂತೆ ಸೈಪ್ರೆಸ್ ಮರಗಳಿದ್ದವು. ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಸಾಲಿನ ಆಚೆ ನಿಂತು ಟವೆಲ್ ಹಿಡಿದರೆ ಅದು ನೆಟ್ಟಗೆ ಹಾರಿತು. ಈಚೆ ಬಂದು ಹಿಡಿದೆ. ಒದ್ದೆ ಬಟ್ಟೆಯಂತೆ ಜೋತುಬಿತ್ತು.

"ಇನ್ನೊಂದ್ಸಲ ತೋರು" ಎಂದರು ಅಪ್ಪ. ತೋರಿಸಿದೆ.

ನಮ್ಮ ಜಗಳದ ಕಥೆ ನನ್ನಿಂದ ಕೇಳಿದ್ದ ಮಾರ್ತೀನ್ ಪಕ್ಕದಲ್ಲೇ ನಿಂತಿದ್ದವರು ನಕ್ಕು ಇಂಗ್ಲಿಷಿನಲ್ಲಿ, "ನನ್ನ ಗಂಡನೂ ಮೊದಲು ಜಾಗ ದಂಡ ಅಂದಿದ್ದ, ನಿಮ್ಮಪ್ಪನಿಗೆ ಹೇಳು" ಎಂದರು. ಹೇಳಿದೆ.

"ಆಯಪ್ಪ ಬುದ್ಧಿವಂತ ಕಣಮ್ಮಿ" ಎಂದು ಅಪ್ಪ ಫೋನಿಟ್ಟರು.

ಹತ್ತು ದಿನದ ಮೇಲೆ ಊರಿಗೆ ಬಂದಾಗಲೂ ಆಷಾಢದ ಗಾಳಿ ನಿಂತಿರಲಿಲ್ಲ. ಅಪ್ಪ ಟವೆಲ್ ಇಸಿದುಕೊಂಡು ಸೀದಾ ಪಡುವಣ ಬದುವಿಗೆ ನಡೆದರು. ಬದುವಿನ ಪಕ್ಕದ ಒಂದು ಸಾಲು ಬಾಳೆ ಕಿತ್ತು ನೆಲ ಹದ ಮಾಡಿದ್ದರು. ಅದರ ಈಚೆ ಗೂಟ ನೆಟ್ಟು ಟವೆಲ್ ಕಟ್ಟಿದರು; ಅದು ಪಟಪಟ ಹಾರತೊಡಗಿತು.

"ಆ ಮರ ಇಲ್ಲಿಗ್ ಬ್ಯಾಡ, ಅಗಸೆ ಮರ ಆಕನ. ಸೊಪ್ಪು ಆಡಿಗಾದ್ರೂ ಆಯ್ತದೆ" ಎಂದರು. ಆಮೇಲೆ ಟವೆಲನ್ನೇ ನೋಡುತ್ತ, "ಇದು ಜೋತ್ಬೀಳೋಗಂಟ ನಾ ಬಿಚ್ಚಕಿಲ್ಲ."