ತಿರುಗಿ ಬಂದ ಹೊಗೆ

ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲದ್ದರಿಂದ ನಾನು ದಿನಚರಿ ಬರೆಯುತ್ತೇನೆ. ಓದಿದರೆ ಏನು ಹೊರಬೀಳುವುದೋ ಎಂಬ ಅಂಜಿಕೆಯಿಂದ ಬರೆದದ್ದನ್ನು ಮತ್ತೆ ತೆರೆಯುವುದಿಲ್ಲ. ಈ ಏರ್ಪಾಡು ವರ್ಷಗಟ್ಟಲೆ ಸುಖವಾಗಿ ನಡೆದಿತ್ತು. ಅದನ್ನು ಕೆಡಿಸಿದ್ದು ನಮ್ಮ ಗ್ಯಾಸ್ ಗೀಸರು.

ತೆಲುಗು ಸೀಮೆಯ ಲಿಂಗಂಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಅದು ಬಚ್ಚಲಿನ ಒಳಗೇ ಗೋಡೆಯಲ್ಲಿ ನೇತಾಡುತ್ತಿತ್ತು. ನಲ್ಲಿ ತಿರುವಿದರೆ ತಾನೇ ಹೊತ್ತಿಕೊಂಡು, ನೀರು ಕೂಡಿಡುವ ಗೋಜಿಲ್ಲದೆ ಹರಿಯುತ್ತಿದ್ದಂತೆಯೇ ಕಾಯಿಸಿಕೊಡುವ ಜಾತಿ. ಅದರ ನೆತ್ತಿಯಿಂದ ಹೊರಟ ತಗಡಿನ ಕೊಳವೆ ಗೋಡೆ ದಾಟಿ ಹಿಂದಿನ ಬಾಲ್ಕನಿಯಲ್ಲಿ ಬಾಯಿ ತೆರೆದಿತ್ತು. ಆ ಚಳಿಗಾಲದಲ್ಲಿ ಗೀಸರಿನ ನೀಲಿ ಉರಿ ಹಳದಿಯಾಯಿತು. ದೇವರ ಮುಂದಿನ ದೀಪದಂತಿದೆಯಲ್ಲ ಎಂದು ಮೆಚ್ಚಿಕೊಂಡೆ. ಗಾಳಿ ಸಾಲದೆ ಉರಿಯುವ ಬೆಂಕಿ ಎಂಥ ವಿಷ ಉಗುಳುತ್ತದೆ, ಅದು ರಕ್ತಕ್ಕೆ ಸೇರಿ ಏನು ಮಾಡುತ್ತದೆ ಎಂದು ಪಿಯುಸಿ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದವನು ನಾನು. ಹಾಗೆಂದು ನೆನಪು.

ಅದೇ ದಿನಗಳಲ್ಲಿ ನನ್ನ ಹೆಂಡತಿ ಸರೋಜಳಿಗೆ ಸ್ನಾನ ಮಾಡಿದಾಗಲೆಲ್ಲ ತಲೆನೋವು ಬರತೊಡಗಿತು. ಕನ್ನಡಕದ ನಂಬರು ಬದಲಾಗಿರಬೇಕು ಎಂದೆ. ವಾಕರಿಕೆ ಎಂದಳು, ಉಪವಾಸ ಕಡಿಮೆ ಮಾಡು ಎಂದೆ. ಒಂದು ಬೆಳಿಗ್ಗೆ ಚಿಲಕ ತೆಗೆದು ಬಂದವಳು ಬಚ್ಚಲಿನ ಹೊಸ್ತಿಲಲ್ಲೇ ಕುಸಿದು ಕೂತಳು. ನಾನು ಬಿಪಿ ಎಂದೆ. ಎಂಬತ್ತು ದಾಟಿದ ನಮ್ಮವ್ವ ಮಾತ್ರ ಸೊಸೆಯನ್ನು ಬಿಟ್ಟು ಬಚ್ಚಲನ್ನು ದಿಟ್ಟಿಸಿದಳು.

‘ಹೊರಗ ಬಂದ್ರ ಆರಾಮ ಆಗ್ತಾಳ, ಒಳಗ ಹೋದ್ರ ಹಿಂಗ. ಆ ಖೋಲಿಗೇ ಏನೋ ಬಡದೈತಿ.’

ನಾನು ನಕ್ಕೆ. ನಮ್ಮ ಮನೆಯಲ್ಲಿ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದವಳು ಅವಳೊಬ್ಬಳೇ ಎಂದು ಆಗ ಹೊಳೆಯಲಿಲ್ಲ.

ಮರುದಿನ ಶುಕ್ರವಾರ. ಸರೋಜ ಬಚ್ಚಲಲ್ಲಿ ಬಕೆಟ್ಟಿಗೆ ಬಿಸಿನೀರು ಬಿಡುತ್ತಿದ್ದಳು. ಅವ್ವ ಕೆಂಡದ ಮೇಲೆ ಲೋಬಾನ ಉದುರಿಸಿಕೊಂಡು ಬಂದು, ಪೀಡೆ ತೊಲಗಲೆಂದು ಉರಿಯುತ್ತಿದ್ದ ಗೀಸರಿನ ನೆತ್ತಿಗೇ ಧೂಪ ಹಿಡಿದಳು. ಕೊಳವೆಯ ಬುಡದ ಸಂದಿ ಆ ಹೊಗೆಯನ್ನು ಒಳಗೆಳೆದುಕೊಂಡು ಹೊರಗೆ ಸಾಗಿಸಬೇಕಿತ್ತು. ಯಾರೋ ಒಳಗೆ ಕೂತು ಊದಿದಂತೆ ಅದು ತಿರುಗಿ ಅವ್ವನ ಮುಖಕ್ಕೇ ಬಂತು. ಅವಳು ನನ್ನನ್ನು ಕರೆದಳು:

‘ತಮ್ಮಾ, ಇದು ಹೊರಗ ಹೋಗವಲ್ದು ನೋಡು.’

ಹೊರಗೆ ಹೋಗದಿದ್ದದ್ದು ಲೋಬಾನ ಮಾತ್ರವಲ್ಲ. ಗ್ಯಾಸ್ ಬಂದ್ ಮಾಡಿ ಇಬ್ಬರನ್ನೂ ಈಚೆಗೆ ಎಳೆದುಕೊಂಡೆ. ಸರೋಜಳನ್ನು ಡಾಕ್ಟರ ಬಳಿ ಕರೆದೊಯ್ಯುವಾಗ ಆಟೋದಲ್ಲಿ ಯೋಚಿಸುತ್ತಿದ್ದೆ: ಕಲಬುರಗಿಯಲ್ಲಿ ನಾವು ಚಿಕ್ಕವರಿದ್ದಾಗ ಹಂಡೆಯ ಒಲೆಯನ್ನು ಎಷ್ಟು ಶಪಿಸುತ್ತಿದ್ದೆವು. ಅದರ ಹೊಗೆ ಕಣ್ಣುರಿಸಿ, ಕೆಮ್ಮಿಸಿ ನಮ್ಮನ್ನು ಅಂಗಳಕ್ಕೆ ಅಟ್ಟುತ್ತಿತ್ತು. ಈ ಹೊಸ ಬೆಂಕಿ ಬಲು ಮರ್ಯಾದಸ್ಥ. ವಾಸನೆಯಿಲ್ಲ, ಕೆಮ್ಮಿಲ್ಲ, ಸುಮ್ಮನೆ ಮಲಗಿಸಿಬಿಡುತ್ತದೆ.

ಡಾಕ್ಟರು ಸರೋಜಳನ್ನು ನೋಡಿ ಮನೆಗೆ ಕಳಿಸಿದರು. ಮಧ್ಯಾಹ್ನ ಮೆಕ್ಯಾನಿಕ್ ಬಂದ. ಸೇಡಂ ಕಡೆಯ ಮಲ್ಲಪ್ಪ. ನಾವು ಮನೆಯಲ್ಲಿ ಆಡುವುದನ್ನು ಕೇಳಿದ್ದೇ ತೆಲುಗು ಬಿಟ್ಟು ಕನ್ನಡಕ್ಕೆ ಇಳಿದ. ಕೊಳವೆಯ ಬಾಯಿಗೆ ಯಾರೋ ಕಟ್ಟಿದ್ದ ಜಾಳಿಗೆಯಲ್ಲಿ ಪಾರಿವಾಳದ ಪುಕ್ಕ, ಕಡ್ಡಿ ಸೇರಿ ಬಿರಡೆ ಜಡಿದಂತಾಗಿತ್ತು. ಚಳಿಗೆಂದು ಬಚ್ಚಲಿನ ಗವಾಕ್ಷಿಗೆ ನಾವು ಬಡಿದ ರಟ್ಟನ್ನೂ ಅವನು ಕಿತ್ತು ಬಿಸಾಡಿದ. ಆಮೇಲೆ ಬಾಗಿಲಿನ ಕೊಳೆತ ತಳವನ್ನು ಕಾಲಿನಿಂದ ಮುಟ್ಟಿ, ಸರೋಜಳತ್ತ ನೋಡಿ ಹೇಳಿದ:

‘ಈ ಸಂದಿ ಇರ್ಲಿಲ್ಲಂದ್ರ ಕಾಕು ಎದ್ದು ಹೊರಗ ಬರ್ತಿರ್ಲಿಲ್ರಿ ಕಾಕಾ.’

ಮುಂದಿನ ವಾರ ಕೂಡಿಸಬೇಕಾದ ಹೊಸ ಬಾಗಿಲಿಗೆ ನಾನು ಆಗಲೇ ಅಳತೆ ಕೊಟ್ಟಿದ್ದೆ.

ಜಾಳಿಗೆ ಕಟ್ಟಿದವನು ಪೇಂಟರ್ ಎಂದು ಮಲ್ಲಪ್ಪನಿಗೆ ಖಡಾಖಂಡಿತವಾಗಿ ಹೇಳಿದೆ. ಅವನ ಏಣಿ, ಬಣ್ಣ ಸಿಡಿದ ಅಂಗಿ, ಎಲ್ಲವೂ ಕಣ್ಣಿಗೆ ಕಟ್ಟಿತ್ತು. ಅಷ್ಟು ಸ್ಪಷ್ಟವಾಗಿ ಕಂಡದ್ದೇ ನನಗೆ ಅನುಮಾನ ತಂದಿತು. ಮಲ್ಲಪ್ಪ ಹೋದ ಮೇಲೆ ದಿನಚರಿ ತೆರೆದೆ. ಮಳೆಗಾಲದ ಒಂದು ಪುಟದಲ್ಲಿ ನನ್ನದೇ ಅಕ್ಷರ: ‘ಪಾರಿವಾಳಗಳ ಕಾಟ. ಗೀಸರಿನ ಪೈಪಿಗೆ ಜಾಳಿಗೆ ಕಟ್ಟಿದೆ. ಇನ್ನು ನಿಶ್ಚಿಂತೆ.’

ಪುಟವನ್ನು ಸರೋಜಳ ಮುಂದೆ ಹಿಡಿದೆ. ಅವಳು ಓದಲೂ ಇಲ್ಲ.

‘ಗೊತ್ತೈತ್ರಿ. ಸ್ಟೂಲ್ ಹಿಡಕೊಂಡು ನಿಂತಾಕಿ ನಾನೇ ಅಲ್ಲೇನು?’

ನಾನು ಪೇಂಟರ್ ಎಂದಾಗ ನೀನು ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

‘ಮಂದಿ ಮುಂದ ನಿಮ್ಮ ಮಾನ ತಗೀಲೇನು?’

ಅವಳ ಜೀವ ತೆಗೆಯಲು ಹೊರಟಿದ್ದವನ ಮಾನ.

ಈಗ ಗೀಸರು ಬಯಲ ಗಾಳಿಯಲ್ಲಿ, ಹೊರಗಿನ ಬಾಲ್ಕನಿಯಲ್ಲಿದೆ. ಭಯ ಮಾತ್ರ ಇದ್ದಲ್ಲೇ ಇದೆ. ಸರೋಜ ಸ್ನಾನಕ್ಕೆ ಹೋದರೆ ಪೇಪರು ಹಿಡಿದು ಬಾಗಿಲ ಹೊರಗೆ ಕುರ್ಚಿ ಹಾಕಿಕೊಳ್ಳುತ್ತೇನೆ. ನೀರಿನ ಸದ್ದು ನಿಂತರೆ ಸಾಕು, ‘ಅದೀಯೇನ?’ ಎನ್ನುತ್ತೇನೆ. ಅವಳು ಇದ್ದಾಳೆ ಎಂದು ನೆನಪಿಟ್ಟುಕೊಂಡೇ ಮೂವತ್ತು ವರ್ಷ ಕಳೆದವನು ನಾನು. ಕೇಳಿ ತಿಳಿಯಬೇಕಾದ ಸಂಗತಿ ಅದು ಎಂದು ತೋಚಿರಲಿಲ್ಲ.

‘ಅದೀನ್ರಿ’ ಎಂದು ಒಳಗಿನಿಂದ ದನಿ ಬರುತ್ತದೆ. ‘ನೀವು ಅದೀರೇನು?’

ಒಂದು ಕ್ಷಣ ಯೋಚಿಸಿ, ಹೌದು ಎನ್ನುತ್ತೇನೆ.