ಅಕ್ಕನಿಗೆ ಮುಟ್ಟದ ಮೇಲ್

ಬೀದಿಯವರ ಬಾಯಲ್ಲಿ ಅವನು ಬೀಗದಣ್ಣ. ಎಂಥ ಬೀಗವನ್ನಾದರೂ ತೆರೆದಾನು, ತಪ್ಪು ತನ್ನದು ಎನ್ನಲು ಮಾತ್ರ ಬಾಯಿ ತೆರೆಯಲಾರ. ಕೀಲಿಕೈ ಕೊರೆಯುವ ಯಂತ್ರದ ಪಕ್ಕ ಅವನದೊಂದು ಹಳೆಯ ಲಿನಕ್ಸ್ ಕಂಪ್ಯೂಟರ್ ಇತ್ತು. ಅಂಗಡಿಯ ಮೇಲ್‌ಗಳೆಲ್ಲ ಅದರಿಂದಲೇ ಹೋಗಬೇಕು. ಮನೆತನದ ಹೆಸರಲ್ಲೊಂದು ಡೊಮೈನ್ ಕೊಂಡು ಅಕ್ಕ, ಭಾವ, ತಮ್ಮ ಎಲ್ಲರಿಗೂ ಆ ಹೆಸರಿನ ಮೇಲ್ ವಿಳಾಸ ಮಾಡಿಕೊಟ್ಟಿದ್ದ. ಅವರ ಮೇಲ್‌ಗಳು ಬಂದು ಬೀಳುತ್ತಿದ್ದದ್ದು ಮಾತ್ರ ಎಲ್ಲೋ ದೂರದ ಬಾಡಿಗೆ ಸರ್ವರಿನಲ್ಲಿ.

ಡಿಸ್ಕ್ ಕೈಕೊಟ್ಟಿತೆಂದು ಲಿನಕ್ಸನ್ನು ಮೊದಲಿನಿಂದ ಹಾಕಿದ. ಆಮೇಲೆ, ಭಾನುವಾರ ಅಂಗಡಿಯನ್ನು ಎದುರಿನ ದೊಡ್ಡ ಕೋಣೆಗೆ ಸಾಗಿಸುತ್ತೇನೆಂದು ಎಲ್ಲರನ್ನೂ ಮೇಲ್‌ನಲ್ಲಿ ಕರೆದ. ಗಿರಾಕಿಗಳು ಬರುತ್ತೇವೆಂದರು, ಪಕ್ಕದಂಗಡಿಯ ದರ್ಜಿ ಬರುತ್ತೇನೆಂದ. ಅಕ್ಕನಿಂದ ಉತ್ತರವಿಲ್ಲ. ತಾಯಿಯಿಲ್ಲದ ಮನೆಯಲ್ಲಿ ಇವನನ್ನು ಎತ್ತಿ ಆಡಿಸಿದವಳು ಅವಳು. ಹೊಸ ಅಂಗಡಿಯ ಶಟರನ್ನು ಅವಳೇ ಎತ್ತಬೇಕೆಂದು ಇವನಿಗೆ ಜೀವದಾಸೆ.

ತಡೆಯಲಾರದೆ ಫೋನ್ ಮಾಡಿದ.

"ದರ್ಜಿ ಹೇಳಿ ನಂಗೆ ಗೊತ್ತಾಗ್ಬೇಕಾ? ಊರಿಗೆಲ್ಲ ಕರೀತೀಯ, ನಾನು ಬೇಡವಾದ್ನಾ?" ಎಂದಳು ಅಕ್ಕ.

"ಕಳ್ಸಿದೀನಿ! ಮುಟ್ಟಿದೆ ಅಂತ ಕಂಪ್ಯೂಟರೇ ಬರ್ಕೊಂಡಿದೆ. ನೀನೇ ಸರಿಯಾಗಿ ನೋಡಿಲ್ಲ."

ಫೋನ್ ಕಟ್ಟಾಯಿತು. ಅಷ್ಟಕ್ಕೆ ಸುಮ್ಮನಿರಬಾರದೇ ಮಹಾರಾಯ? ಭಾವನಿಗೊಂದು ಮೇಲ್ ಬೇರೆ ಬರೆದ: 'ಅಕ್ಕ ಮಹಾ ಮೊಂಡಿ. ಸ್ವಲ್ಪ ಬುದ್ಧಿ ಹೇಳಿ.' ಕಣ್ಣು ಮಂಜಾದ ಭಾವನಿಗೆ ಮೇಲ್‌ಗಳನ್ನೆಲ್ಲ ಓದಿ ಹೇಳುವವಳು ಅಕ್ಕನೇ ಎಂಬುದು ಕೋಪದಲ್ಲಿ ಮರೆತೇಹೋಯಿತು.

ಸಾಮಾನು ಕಟ್ಟುತ್ತಿದ್ದ ಹೆಂಡತಿ ತಲೆಯೆತ್ತಿದಳು. "ರೀ, ನಿಮ್ಮ ತಮ್ಮಂಗೂ ಬಂದಿಲ್ವಂತೆ. ಹೊರಗಿನೋರಿಗೆಲ್ಲ ಹೋಗಿದೆ, ನಮ್ಮೋರಿಗೆ ಮಾತ್ರ ಇಲ್ಲ. ಅಕ್ಕನ್ನ ಬೈಯೋದು ಬಿಟ್ಟು ನಿಮ್ಮ ಡಬ್ಬಾನ ನೋಡಿ."

ಗೊಣಗುತ್ತಲೇ ಕೂತು, ಮೇಲ್ ಹೋದ ದಾಖಲೆಯನ್ನು ಮತ್ತೆ ಓದಿದ. ಮುಟ್ಟಿದೆ, ನಿಜ. ಎಲ್ಲಿಗೆ? ಇದೇ ಕಂಪ್ಯೂಟರಿಗೆ! ಹೊಸದಾಗಿ ಹಾಕುವಾಗ, ಈ ಕಂಪ್ಯೂಟರಿಗೆ ಏನು ಹೆಸರಿಡಲಿ ಎಂದು ಲಿನಕ್ಸ್ ಕೇಳಿದ್ದಕ್ಕೆ ಈತ ಅಭಿಮಾನದಿಂದ ಮನೆತನದ ಡೊಮೈನನ್ನೇ ಇಟ್ಟಿದ್ದ, ಮನೆಯವರಿಗೆಲ್ಲ ಅದರಲ್ಲಿ ಖಾತೆಯನ್ನೂ ತೆರೆದಿದ್ದ. ಹೀಗಾಗಿ ಆ ಹೆಸರಿನವರೆಲ್ಲ ತನ್ನ ಹೊಟ್ಟೆಯೊಳಗೇ ಇದ್ದಾರೆಂದು ನಂಬಿದ ಕಂಪ್ಯೂಟರ್, ಅವರ ಮೇಲ್‌ಗಳನ್ನು ಹೊರಗೆ ಬಿಡದೆ ಜೋಪಾನವಾಗಿ ಇಟ್ಟುಕೊಂಡಿತ್ತು. ಪಾಪ, ಅದರದೇನೂ ತಪ್ಪಿಲ್ಲ.

ಸೆಟ್ಟಿಂಗ್‌ನಿಂದ ಡೊಮೈನನ್ನು ತೆಗೆದು, ಕಂಪ್ಯೂಟರಿಗೆ ಬೇರೆ ಹೆಸರಿಟ್ಟು, ತಮ್ಮನಿಗೊಂದು ಮೇಲ್ ಕಳಿಸಿದ. "ಬಂತು!" ಎಂದು ಫೋನ್ ಬಂತು. ಖುಷಿಯಲ್ಲಿ ಕುಣಿದಾಡುತ್ತಾ ಒಳಗೆ ಕೂತಿದ್ದ ಮೇಲ್‌ಗಳನ್ನೆಲ್ಲ ಹಿಂದೆಮುಂದೆ ನೋಡದೆ ಮತ್ತೆ ಕಳಿಸಿಬಿಟ್ಟ. ಅದರಲ್ಲಿ ಭಾವನಿಗೆ ಬರೆದದ್ದೂ ಇತ್ತೆಂದು ನೆನಪಾದದ್ದು ಕಳಿಸಿದ ಮೇಲೆ. ಅಕ್ಕನಿಗೆ ಫೋನ್ ಮಾಡಿದರೆ ಎತ್ತಲಿಲ್ಲ.

ಭಾನುವಾರ ಎಲ್ಲರೂ ಬಂದು ನಿಂತರು. ಶಟರ್ ಎತ್ತು ಎಂದು ದರ್ಜಿ ಅವಸರ ಮಾಡಿದ. ಇವನು ಬೀದಿಯ ತುದಿಯನ್ನೇ ನೋಡುತ್ತಿದ್ದ. ಕೊನೆಗೂ ಭಾವನ ಕೈ ಹಿಡಿದು ಅಕ್ಕ ಬಂದಳು.

"ಎಲ್ಲಪ್ಪಾ ನಿನ್ನ ಶಟರು? ಮಹಾ ಮೊಂಡಿ ಬಂದಿದಾಳೆ."

ಬೀಗದಣ್ಣ ಶಟರಿನ ಕೀಲಿಕೈಯನ್ನು ಅವಳ ಕೈಗಿಟ್ಟ. "ನಿನ್ನ ಮೇಲ್ ಕಂಪ್ಯೂಟರ್ ಹೊಟ್ಟೆಯೊಳಗೇ ಉಳ್ಕೊಂಡಿತ್ತು. ತಪ್ಪು ನಂದೇ ಅಕ್ಕ," ಎಂದ, ಅರ್ಧ ದನಿಯಲ್ಲಿ.

ಅಕ್ಕ ಅವನ ಕಿವಿ ಹಿಡಿದಳು. "ಜೋರಾಗಿ ಹೇಳು. ಇದೂ ಹೊಟ್ಟೆಯೊಳಗೇ ಉಳ್ಕೊಂಡೀತು."